ಝಳದ ನಾಡಿನಿಂದ ಸೆಕೆಯ ಊರಿಗೆ

ರಾಯಚೂರು ಸೀಮೆಯ ನಮಗೆಲ್ಲ ಸಮುದ್ರವೆಂದರೆ ಭೂಪಟದ ಅಂಚಿನಲ್ಲಿ ಬಳಿದ ನೀಲಿ ಬಣ್ಣ. ಕೃಷ್ಣೆ, ತುಂಗಭದ್ರೆಯರ ನಡುವೆ ಕುಳಿತ ಎಡೆದೊರೆ ನಾಡು ನಮ್ಮದು. ಎರಡೂ ನದಿಗಳ ನೀರು ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಸೇರುವುದನ್ನು ಕಣ್ಣಾರೆ ಕಂಡವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ವಿಜ್ಞಾನದ ಮಾಸ್ತರನಾಗಿ ನಾನು ‘ಕಡಲ ಗಾಳಿ, ನೆಲ ಗಾಳಿ’ ಎಂಬ ಪಾಠವನ್ನು ಇಪ್ಪತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿಯೇ ಮುಗಿಸಿದವನು.

2003ರಲ್ಲಿ, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಈ ಪಾಠ ನಡೆದಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. “ಸರ್, ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದ. “ಇಲ್ಲಪ್ಪ, ನಾನೂ ನೋಡಿಲ್ಲ” ಎಂದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಹುಡುಗನ ಜಾಗ ಖಾಲಿಯಾಯಿತು. ರಾಜ್ಯದಲ್ಲಿ ಬರ ಬಿದ್ದು ಅದು ಸತತ ಮೂರನೆಯ ವರ್ಷ. ಮನೆಯವರೆಲ್ಲ ಗುಳೆ ಹೋಗಿದ್ದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲವು ತಿಂಗಳು ಗೈರುಹಾಜರಿಯ ಗುರುತು ಹಾಕಿದೆ. ಆಮೇಲೆ ಒಂದು ಕೆಂಪು ಗೆರೆ ಎಳೆದೆ. ಅದು ನನ್ನ ಕೈಯಿಂದಲೇ ಆದ ಕೆಲಸ.

2025ರ ಏಪ್ರಿಲಿನಲ್ಲಿ ಕೊನೆಗೂ ಸಮುದ್ರ ನೋಡುವ ಯೋಗ ಬಂತು. ಮಗಳಿಗೆ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಸೀಟು ಸಿಕ್ಕಿ ವರ್ಷವಾಗುತ್ತ ಬಂದಿತ್ತು. ಬೇಸಿಗೆ ರಜೆ ಶುರುವಾದೊಡನೆ ಅವಳನ್ನು ನೋಡಿ ಬರಲು ಹೊರಟೆ. ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಜತೆಗೆ ಎರಡು ಉಷ್ಣಮಾಪಕಗಳನ್ನೂ ಇಟ್ಟುಕೊಂಡೆ. “ಮಗಳನ್ನ ನೋಡಾಕ ಹೊಂಟೀರೋ, ಆಕಿ ಜ್ವರ ಅಳಿಯಾಕ ಹೊಂಟೀರೋ?” ಎಂದು ಮನೆಯವಳು ಚೇಷ್ಟೆ ಮಾಡಿದಳು.

ಉಷ್ಣಮಾಪಕ ಎರಡೇಕೆಂದು ವಿದ್ಯಾರ್ಥಿಗಳಿಗೆ ಹೇಳಬೇಕು. ಒಂದನ್ನು ಹಾಗೆಯೇ ನೆರಳಿನಲ್ಲಿ ತೂಗುಬಿಡುವುದು. ಇದು ಒಣ ಬುಡದ್ದು. ಇನ್ನೊಂದರ ಬುಡಕ್ಕೆ ಹಳೆಯ ಧೋತರದ ಬಟ್ಟೆ ಸುತ್ತಿ ಅದರ ತುದಿಯನ್ನು ನೀರಿನ ಶೀಶೆಯಲ್ಲಿ ಇಳಿಬಿಡುವುದು. ಇದು ತೇವ ಬುಡದ್ದು. ಬಟ್ಟೆಯ ನೀರು ಆರುವಾಗ ಬುಡದ ಶಾಖವನ್ನು ಕಸಿದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ. ನಮ್ಮ ಮೈ ಬೆವರುವುದೂ ಇದೇ ಲೆಕ್ಕದಲ್ಲಿ. ತೇವ ಬುಡ ತೋರಿಸುವ ಅಂಕಿಯೇ ಬೆವರು ನಮ್ಮನ್ನು ಎಷ್ಟರಮಟ್ಟಿಗೆ ತಂಪು ಮಾಡಬಲ್ಲದು ಎಂಬುದರ ಅಂದಾಜು. ಹೊರಡುವ ದಿನ ಮಧ್ಯಾಹ್ನ ಮೂರಕ್ಕೆ ರಾಯಚೂರಿನ ನಮ್ಮ ಪಡಸಾಲೆಯಲ್ಲಿ ಒಣ ಬುಡ 41 ಡಿಗ್ರಿ ಸೆಲ್ಸಿಯಸ್, ತೇವ ಬುಡ 24 ತೋರಿಸಿತು. ಹದಿನೇಳು ಡಿಗ್ರಿಯ ಅಂತರ! ಹೊರಗೆ ಕಾಲಿಟ್ಟರೆ ಮುಖಕ್ಕೆ ಝಳ ರಾಚುತ್ತಿತ್ತು. ಗಡಿಗೆಯ ನೀರು ಮಾತ್ರ ಹಲ್ಲು ಜುಮ್ಮೆನ್ನುವಷ್ಟು ತಂಪು. ಎರಡಕ್ಕೂ ಕಾರಣ ಒಂದೇ, ಒಣ ಗಾಳಿ.

ಮಾನ್ವಿಯಲ್ಲಿ ಬಸ್ಸು ನಿಂತಾಗ ಅದು ನಾನೆಣಿಸಿದಂತಹ ಪ್ರವಾಸದ ಬಸ್ಸಲ್ಲವೆಂದು ತಿಳಿಯಿತು. ಜೋಳದ ಹಿಟ್ಟಿನ ಚೀಲ, ಸ್ಟೌ, ಕೊಡ, ಮಡಿಸಿದ ಕೌದಿ, ಹೆಗಲ ಮೇಲೆ ನಿದ್ದೆಹೋದ ಕೂಸುಗಳು. ಮುಕ್ಕಾಲು ಬಸ್ಸು ದುಡಿಯಲು ಹೊರಟವರದು. ದೇವದುರ್ಗದವರು, ಮಾನ್ವಿಯವರು, ಸಿಂಧನೂರು ಕಡೆಯವರು. ಕಾಲುವೆ ಬಂದ ಮೇಲೂ ಗುಳೆ ಏಕೆಂದು ಹೊರಗಿನವರು ಕೇಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಹೊಲವಿದ್ದವನನ್ನು ಕೇಳಿದರೆ ಉತ್ತರ ಸಿಗುತ್ತದೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂದಿದೆ, ಎಲ್ಲ ಹೊಲಕ್ಕೂ ಅಲ್ಲ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. ಎರಡೂ ಕಡೆ ಮಾಸ್ತರಿಕೆ ಮಾಡಿದ ನನಗೆ ಅದನ್ನು ತಿಳಿಯಲು ವರದಿ ಬೇಕಿರಲಿಲ್ಲವೆನ್ನಿ.

ಬೆಳಗಿನ ಜಾವ ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಂಡು ಎಚ್ಚರವಾಯಿತು. ರಾಯಚೂರು ಇರುವುದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ. ಅದಕ್ಕಿಂತ ಎತ್ತರಕ್ಕೆ ಹತ್ತಿಸಿ ಬಸ್ಸು ನಮ್ಮನ್ನು ಒಂದೇ ಸಮನೆ ಕಡಲಿನ ಮಟ್ಟಕ್ಕೆ ಇಳಿಸುತ್ತಿತ್ತು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಈ ಗೋಡೆಗೆ ಬಡಿದು ಮೇಲೇರಿ, ತಣಿದು, ತನ್ನ ನೀರನ್ನು ಈಚೆಗೇ ಸುರಿದುಬಿಡುತ್ತದೆ. ಆಚೆ ನಮಗೆ ಉಳಿಯುವುದು ಹಿಂಡಿದ ಬಟ್ಟೆಯಂತಹ ಗಾಳಿ. ಮಂಗಳೂರಿಗೆ ವರ್ಷಕ್ಕೆ ಸರಾಸರಿ 3,700 ಮಿಲಿಮೀಟರ್ ಆಸುಪಾಸು ಮಳೆ, ರಾಯಚೂರಿಗೆ ಸುಮಾರು 650. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ನಮ್ಮ ಇಡೀ ವರ್ಷದ ಮಳೆಗಿಂತ ಹೆಚ್ಚು.

ಸುರತ್ಕಲ್ ಮಂಗಳೂರಿನ ಉತ್ತರದ ಉಪನಗರ. ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೇ. ರಾಷ್ಟ್ರೀಯ ಹೆದ್ದಾರಿ 66 ಊರಿನ ನಡುವೆಯೇ ಹೋಗುತ್ತದೆ; ಹಳಬರು ಅದನ್ನು ಇನ್ನೂ ‘ಎನ್.ಎಚ್. 17’ ಎನ್ನುತ್ತಾರೆ. ರಸ್ತೆಯ ಪಶ್ಚಿಮಕ್ಕೆ ಮರಳು, ಬಂಡೆಯ ಮೇಲಿನ ಸದಾಶಿವ ದೇವಸ್ಥಾನ, ದೀಪಸ್ತಂಭ. ಪೂರ್ವಕ್ಕೆ ದಿಬ್ಬ, ತೆಂಗು, ಹಂಚಿನ ಮಾಡುಗಳು, ಅವುಗಳ ತಲೆಯ ಮೇಲೆ ಎದ್ದು ನಿಂತ ಹತ್ತು ಹನ್ನೆರಡು ಅಂತಸ್ತಿನ ಫ್ಲಾಟುಗಳು. ಕೊಂಕಣ ರೈಲ್ವೆಯ ನಿಲ್ದಾಣದಲ್ಲಿ ಸಾಲು ಲಾರಿಗಳನ್ನೇ ಬೆನ್ನ ಮೇಲೆ ಹೊತ್ತು ಹೊರಡುವ ರೈಲು ನೋಡಿ ಸಣ್ಣ ಹುಡುಗನಂತೆ ನಿಂತುಬಿಟ್ಟೆ.

ಇಲ್ಲಿನ ಜನ ಯಾರು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಮೊದಲು ಇದ್ದದ್ದು ಮೀನುಗಾರರ ಮತ್ತು ಬೇಸಾಯಗಾರರ ಹಳ್ಳಿಗಳು. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಬಂತು. 2002ರಲ್ಲಿ ಅದೇ ಎನ್.ಐ.ಟಿ.ಕೆ. ಆಯಿತು. ದಕ್ಷಿಣಕ್ಕೆ ಪಣಂಬೂರಿನಲ್ಲಿ ನೆಲವನ್ನು ಅಗೆದು ಸಮುದ್ರವನ್ನು ಒಳಗೆ ಕರೆದುಕೊಂಡ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಬಂದರಿಗೆ ಜಾಗ ಬಿಟ್ಟುಕೊಟ್ಟವರನ್ನು ಒಳನಾಡಿನ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಗೊಳಿಸಿದರು. ಹಿಂದೆಯೇ ರಸಗೊಬ್ಬರದ ಕಾರ್ಖಾನೆ, ಆಮೇಲೆ ತೈಲ ಶುದ್ಧೀಕರಣಾಗಾರ, 1998ರಲ್ಲಿ ಕೊಂಕಣ ರೈಲ್ವೆ ಪೂರ್ಣ ಆರಂಭ. ಪ್ರತಿಯೊಂದೂ ಬಂದಾಗ ಒಂದಷ್ಟು ಜನರನ್ನು ತಂದಿತು, ಒಂದಷ್ಟು ಜನರನ್ನು ಕದಲಿಸಿತು. ಬೆಳಿಗ್ಗೆ ಚಹಾ ಕುಡಿದ ಹೋಟೆಲಿನಲ್ಲಿ ಹತ್ತು ನಿಮಿಷ ಕುಳಿತು ಕಿವಿಗೊಟ್ಟೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿ ಎಲ್ಲ ಕೇಳಿದವು. ಪಾತ್ರೆ ತೊಳೆಯುವ ಕಡೆಯಿಂದ “ಏ ತಮ್ಮಾ, ಲಗೂನ ತೊಳಿಯೋ” ಎಂಬ ನಮ್ಮ ಮಾತೂ ಕೇಳಿತು.

ನಾನು ಉಳಿದದ್ದು ಪರಿಚಯದ ನಿವೃತ್ತ ಶಿಕ್ಷಕರೊಬ್ಬರ ಹಳೆಯ ಮನೆಯಲ್ಲಿ. ಎಂಬತ್ತು ದಾಟಿದ ಹಿರಿಯರು, ಮಾತುಗಾರರು. “ಎಂಥ ಸೆಕೆ ಮಾರಾಯ್ರೆ! ನಿಮ್ಮ ಊರಿನಲ್ಲಿ ಹೇಗೆ?” ಎಂದು ಶುರುಮಾಡಿದರು. ಸೆಕೆ ಎಂಬ ಪದ ನಮ್ಮಲ್ಲಿ ಬಳಕೆಯಲ್ಲಿಲ್ಲ. ನಮ್ಮದೇನಿದ್ದರೂ ಬಿಸಿಲು, ಝಳ. ಮೊದಲ ದಿನ ಇದೂ ಅದೇ ಇರಬೇಕೆಂದುಕೊಂಡೆ. ಜಗಲಿಯಲ್ಲಿ ಉಷ್ಣಮಾಪಕ ತೂಗುಹಾಕಿದಾಗ ವ್ಯತ್ಯಾಸ ತಿಳಿಯಿತು. ಮಧ್ಯಾಹ್ನ ಮೂರಕ್ಕೆ ಒಣ ಬುಡ 33, ತೇವ ಬುಡ 28. ರಾಯಚೂರಿಗಿಂತ ಎಂಟು ಡಿಗ್ರಿ ಕಡಿಮೆಯಿದ್ದೂ ಅಂಗಿ ಬೆನ್ನಿಗೆ ಅಂಟಿತ್ತು. ಗಾಳಿ ಆಗಲೇ ನೀರು ಕುಡಿದು ತುಂಬಿಕೊಂಡಿದೆ. ನಮ್ಮ ಬೆವರನ್ನು ತೆಗೆದುಕೊಳ್ಳಲು ಅದಕ್ಕೆ ಜಾಗವಿಲ್ಲ. ಝಳ ಹೊರಗಿನಿಂದ ಹೊಡೆಯುತ್ತದೆ, ಸೆಕೆ ಒಳಗಿನಿಂದ ಬೇಯಿಸುತ್ತದೆ. ಕನ್ನಡಕ್ಕೆ ಎರಡು ಪದ ಇರುವುದು ಸುಮ್ಮನೆ ಅಲ್ಲ.

ಆ ಮನೆಯನ್ನು ನೋಡುತ್ತ ನೋಡುತ್ತ ಅದು ಹವೆಯ ಜತೆ ಹೇಗೆ ಹೊಂದಿಕೊಂಡಿದೆ ಎಂಬುದು ಅರ್ಥವಾಯಿತು. ಗೋಡೆ ಕೆಂಪುಕಲ್ಲಿನದು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಫ್ರಾನ್ಸಿಸ್ ಬುಕಾನನ್. ನೆಲದಲ್ಲಿದ್ದಾಗ ಕೊಡಲಿಯಲ್ಲಿ ಕಡಿಯಬಹುದಾದಷ್ಟು ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ಮೇಲೆ ಪಕ್ಕಾಸು, ರೀಪುಗಳ ಮೇಲೆ ಕೂರಿಸಿದ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಆವೆಮಣ್ಣಿನಿಂದ ಮಾಡತೊಡಗಿದ ಈ ಹಂಚು ಕಡಲಾಚೆಗೂ ಹೋಗಿದೆ. ಮಾಡು ಕಡಿದಾಗಿರುವುದು ಮಳೆ ಜಾರಿಹೋಗಲೆಂದು, ಅದರ ಅಂಚು ಗೋಡೆ ದಾಟಿ ಮುಂದೆ ಚಾಚಿರುವುದು ಇರಚಲು ತಾಗದಿರಲೆಂದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಹಂಚು ಹಂಚಿನ ಸಂದಿಯಿಂದ ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ, ಅದರ ಜಾಗಕ್ಕೆ ಜಗಲಿಯ ಕಡೆಯಿಂದ ಗಾಳಿ ಬರುತ್ತದೆ ಎಂಬುದು ಅಲ್ಲಿ ಕುಳಿತ ಮೇಲೆಯೇ ತಿಳಿದದ್ದು. ಸೆಕೆಯ ನಾಡಿನಲ್ಲಿ ಮನೆ ಗಾಳಿಯನ್ನು ಒಳಗೆ ಕರೆಯಬೇಕು.

ನಮ್ಮ ಕಡೆಯ ಮನೆ ಇದಕ್ಕೆ ತೀರ ವಿರುದ್ಧ. ದೇವದುರ್ಗದ ಹಳೆಯ ಮಾಳಿಗೆಮನೆಗಳನ್ನು ನೋಡಿದವರು ಬಲ್ಲರು. ಎರಡು ಮೊಳ ದಪ್ಪದ ಮಣ್ಣುಗೋಡೆ, ತೊಲೆ ಜಂತಿಗಳ ಮೇಲೆ ಒಂದು ಮೊಳ ಮಣ್ಣು, ಬೆಳಕಿಗೆ ನೆತ್ತಿಯ ಮೇಲೊಂದು ಬೆಳಕಿಂಡಿ. ಹಗಲಿನ ಕಾವು ಆ ಗೋಡೆ ದಾಟಿ ಒಳಗೆ ಬರಲು ಹತ್ತು ಹನ್ನೆರಡು ತಾಸು ಬೇಕು. ಬರುವಷ್ಟರಲ್ಲಿ ರಾತ್ರಿಯಾಗಿ ನಾವು ಮಾಳಿಗೆಯ ಮೇಲೆ ಚುಕ್ಕಿ ಎಣಿಸುತ್ತ ಮಲಗಿರುತ್ತೇವೆ! ಮಾಳಿಗೆಯ ಮೇಲೆ ಸವಳು ಮಣ್ಣು ಹಾಕುತ್ತಾರೆ. ಬೆಳೆಗೆ ಶತ್ರುವಾದ ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ, ಸೋರುವುದಿಲ್ಲ. ಯಾವ ಪ್ರಯೋಗಶಾಲೆಯೂ ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿಕೊಟ್ಟದ್ದಲ್ಲ. ಕಲ್ಲಿಗಂತೂ ನಮ್ಮಲ್ಲಿ ಬರವಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಕೆತ್ತಿದ ಒಂದೇ ಕಲ್ಲು 40 ಅಡಿಗೂ ಮಿಕ್ಕಿ ಉದ್ದವಿದೆ. ಈಗ ರಾಯಚೂರಿನ ಹೊಸ ಬಡಾವಣೆಗಳಲ್ಲೂ ಸುರತ್ಕಲ್ಲಿನ ಫ್ಲಾಟುಗಳಲ್ಲೂ ಕಟ್ಟುತ್ತಿರುವುದು ಒಂದೇ ನಮೂನೆಯ ಕಾಂಕ್ರೀಟ್ ಪೆಟ್ಟಿಗೆ. ಎರಡು ಹವೆಗೂ ಒಂದೇ ಮನೆ, ಎರಡಕ್ಕೂ ಒಂದೇ ಔಷಧ: ಹವಾನಿಯಂತ್ರಕ ಯಂತ್ರ.

“ಈ ಫ್ಲಾಟುಗಳನ್ನು ಕಟ್ಟುವವರೆಲ್ಲ ಬಿಜಾಪುರದವರು” ಎಂದರು ಹಿರಿಯರು. “ಅಲ್ಲ ಸರ್, ರಾಯಚೂರಿನವರೂ ಇದ್ದಾರೆ” ಎಂದೆ. “ಅದೇ, ಬಿಜಾಪುರದವರು” ಎಂದು ನಕ್ಕರು. ಕೊಪ್ಪಳದವರೂ ಗದಗದವರೂ ದೇವದುರ್ಗದವರೂ ಇಲ್ಲಿ ಬಿಜಾಪುರದವರೇ. ರಾಯಚೂರಿನಿಂದ ಬಿಜಾಪುರ ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ ಎಂಬ ಭೂಗೋಳ ಅವರಿಗೇಕೆ ಬೇಕು? ನಾವು ಮಾತ್ರ ಏನು ಕಡಿಮೆ. ಉಡುಪಿ, ಕುಂದಾಪುರ, ಮಂಗಳೂರು ಎಲ್ಲ ಸೇರಿ ನಮಗೆ ‘ಮಂಗಳೂರಿನವರು’.

ಮರುದಿನ ಮಗಳೊಡನೆ ಕಡಲ ಕಡೆ ಹೊರಟಿದ್ದೆ. ಕಟ್ಟಡವೊಂದರ ಮುಂದೆ ಕಬ್ಬಿಣ ಕಟ್ಟುತ್ತಿದ್ದವನೊಬ್ಬ ಇಕ್ಕಳ ಕೆಳಗಿಟ್ಟು ಓಡಿಬಂದ. “ನಮಸ್ಕಾರ್ರಿ ಸರ್. ಗುರ್ತು ಸಿಕ್ತೇನ್ರಿ?” ಎಂದ. ಸಿಗಲಿಲ್ಲ. “ಸಮುದ್ರ ನೋಡೀರೇನ್ರಿ ಅಂತ ಕೇಳಿದ್ನಲ್ರಿ” ಎಂದಾಗ ಗುರುತು ಸಿಕ್ಕಿತು. ಆಗ ಹದಿಮೂರು, ಈಗ ಮೂವತ್ತೈದು. ಪುಣೆ, ಗೋವಾ, ಬೆಂಗಳೂರು ಎಲ್ಲ ಸುತ್ತಿ ಹತ್ತು ವರ್ಷದಿಂದ ಈ ಕಡೆಗೇ ಬರುತ್ತಿದ್ದಾನೆ. ದೀಪಾವಳಿ ಮುಗಿಸಿ ಬರುವುದು, ಮಳೆ ಹಿಡಿಯುವ ಹೊತ್ತಿಗೆ ಊರಿಗೆ ಹೋಗಿ ಎರಡೆಕರೆ ಮಳೆಯಾಶ್ರಿತ ಹೊಲದಲ್ಲಿ ತೊಗರಿ ಬಿತ್ತುವುದು.

ಅವನೇ ನಮ್ಮನ್ನು ಕಡಲಿಗೆ ಕರೆದುಕೊಂಡು ಹೋದ. ಮರಳಿನ ಮೇಲೆ ನಿಂತು ನಾನು ಪಾಠದ ಮಾತನ್ನೇ ಹೇಳಿದೆ: ನೀರಿನ ವಿಶಿಷ್ಟ ಉಷ್ಣ ಮಣ್ಣಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು, ಆದ್ದರಿಂದ ಹಗಲಿನಲ್ಲಿ ನೆಲ ಬೇಗ ಕಾದು ಅದರ ಮೇಲಿನ ಗಾಳಿ ಮೇಲೇರಿದಾಗ ಕಡಲ ಕಡೆಯಿಂದ ತಂಪುಗಾಳಿ ಬೀಸುತ್ತದೆ. ಅವನು ತಲೆಯಾಡಿಸಿದ. “ಹನ್ನೊಂದು, ಹನ್ನೆರಡಕ್ಕ ಶುರು ಆಗತದ್ರಿ ಸರ್. ಮುಂಜಾನೆ ಎಂಟರಿಂದ ಹನ್ನೊಂದರತನ ಎಲಿ ಸುದ್ದ ಅಲ್ಲಾಡಂಗಿಲ್ಲ. ಆ ಟೈಮಿನ್ಯಾಗ ಮ್ಯಾಲಿನ ಅಂತಸ್ತಿನ್ಯಾಗ ಕೆಲಸ ಮಾಡಾದು ಭಾಳ ಕಠಿಣ” ಎಂದ. ಎರಡು ಗಾಳಿಗಳ ನಡುವಿನ ಆ ನಿಶ್ಚಲ ಹೊತ್ತನ್ನು ನಾನು ಎಂದೂ ಕಪ್ಪುಹಲಗೆಯ ಮೇಲೆ ಬರೆದಿರಲಿಲ್ಲ. ಕಬ್ಬಿಣದ ಸಂಗತಿಯನ್ನೂ ಅವನೇ ತೋರಿಸಿದ. ಕಂಬದಿಂದ ಹೊರಗೆ ಬಿಟ್ಟ ಸರಳು ನಮ್ಮೂರಲ್ಲಿ ವರ್ಷಗಟ್ಟಲೆ ಬಿಸಿಲಿಗಿದ್ದರೂ ತಡೆಯುತ್ತದೆ. ಇಲ್ಲಿ ಎರಡು ಮಳೆಗಾಲಕ್ಕೆ ಹಪ್ಪಳದಂತೆ ಪದರು ಬಿಡುತ್ತದೆ. ಕಡಲ ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಮಾಡುವ ಕೆಲಸವದು. ಅದಕ್ಕೇ ಸರಳಿನ ಸುತ್ತ ಕಾಂಕ್ರೀಟಿನ ಹೊದಿಕೆ ಇಲ್ಲಿ ದಪ್ಪಗೆ ಇರಬೇಕು. “ನಾ ಬಿಡಂಗಿಲ್ರಿ ಸರ್, ಅಳತಿ ನೋಡೇ ಕಟ್ಟಸ್ತೀನಿ” ಎಂದ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು!

ಆಮೇಲೆ ಚಹಾಕ್ಕೆಂದು ಅವನ ಮನೆಗೆ ಹೋದೆವು. ಮನೆ ಎಂದರೆ ಕಟ್ಟಡದ ಹಿಂದಿನ ತಗ್ಗಿನಲ್ಲಿ ಸಾಲಾಗಿ ನಿಲ್ಲಿಸಿದ ತಗಡಿನ ಶೆಡ್ಡುಗಳಲ್ಲಿ ಒಂದು. ಹತ್ತಡಿಗೆ ಹತ್ತಡಿ. ಗೋಡೆಯೂ ತಗಡು, ಸೂರೂ ತಗಡು, ನೆಲಕ್ಕೆ ಒಡೆದ ಟೈಲ್ಸಿನ ಚೂರುಗಳು. ಕಿಟಕಿಯಿಲ್ಲ. ಐದು ಜನ. ಪಕ್ಕದ ಸಾಲು ಜಾರ್ಖಂಡ್, ಬಂಗಾಳ ಕಡೆಯವರದು. ನಾನು ಚೀಲದಿಂದ ಉಷ್ಣಮಾಪಕಗಳನ್ನು ತೆಗೆದು ಬಾಗಿಲ ಮೊಳೆಗೆ ತೂಗುಹಾಕಿದೆ. ಮೂರು ಗಂಟೆಯ ಹೊತ್ತು. ಒಣ ಬುಡ 37, ತೇವ ಬುಡ 29. ನೂರು ಗಜದಾಚೆ ಹಿರಿಯರ ಜಗಲಿಯಲ್ಲಿ 33. ತಗಡು ತೆಳ್ಳಗಿರುವುದರಿಂದ ಹಗಲಿನ ಕಾವನ್ನು ತಡೆಯುವ ಶಕ್ತಿ ಅದಕ್ಕಿಲ್ಲ, ಸಂದಿಯಿಲ್ಲದ್ದರಿಂದ ಗಾಳಿಯೂ ಆಡುವುದಿಲ್ಲ. ಮಾಳಿಗೆಮನೆಯ ಗುಣವೂ ಇಲ್ಲ, ಹಂಚಿನ ಮನೆಯ ಗುಣವೂ ಇಲ್ಲ. ಅದರೊಳಗೆ ಝಳ, ಸೆಕೆ ಎರಡೂ ಒಟ್ಟಿಗೆ. “ಮಳಿ ಬಿದ್ರ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ರಿ” ಎಂದಳು ಅವನ ಹೆಂಡತಿ, ಸಕ್ಕರೆ ಡಬ್ಬಿ ಹುಡುಕುತ್ತ.

ಜನಗಣತಿಯ ಕೆಲಸ ಮಾಡಿದವರಿಗೆ ಯಾವ ಮನೆ ಹೊಕ್ಕರೂ ಕಣ್ಣು ಮೊದಲು ಹೋಗುವುದು ನೆಲ, ಗೋಡೆ, ಸೂರಿನ ಕಡೆಗೆ. 2010ರ ಮನೆಪಟ್ಟಿಯ ನಮೂನೆಯಲ್ಲಿ 35 ಅಂಶಗಳಿದ್ದವು. ಸೂರು ಯಾವುದರದು: ಹುಲ್ಲು, ಹಂಚು, ಕಲ್ಲು, ತಗಡು, ಕಾಂಕ್ರೀಟು. ಮನೆಯ ಸ್ಥಿತಿ ಹೇಗೆ: ಉತ್ತಮ, ವಾಸಯೋಗ್ಯ, ಶಿಥಿಲ. ನಾನು ಗಣತಿ ಮಾಡಿದ ಬ್ಲಾಕಿನಲ್ಲಿ ಈ ಹುಡುಗನ ತಂದೆಯ ಮಾಳಿಗೆಮನೆಯೂ ಇತ್ತು. ಬಾಗಿಲಿಗೆ ಬೀಗ. ಮುಂದೆ 2011ರ ಫೆಬ್ರವರಿ 9ರಿಂದ 28ರವರೆಗೆ ಜನರ ಎಣಿಕೆಗೆ ಹೋದಾಗಲೂ ಬೀಗ. ಆ ಇಪ್ಪತ್ತು ದಿನವೂ ಊರಲ್ಲಿ ಇಲ್ಲದವರನ್ನು ಅವರು ಎಲ್ಲಿದ್ದಾರೋ ಅಲ್ಲಿಯೇ ಎಣಿಸಬೇಕೆಂಬುದು ನಿಯಮ. ಗುಳೆಯವರು ಊರಲ್ಲಿ ಇರುವುದು ಜೂನಿನಿಂದ ದೀಪಾವಳಿಯವರೆಗೆ, ಎಣಿಕೆ ಫೆಬ್ರವರಿಯಲ್ಲಿ. “ಅವಾಗ ನಿಮ್ಮನ್ನ ಯಾರರ ಬರಕೊಂಡ್ರೇನಪ್ಪ?” ಎಂದು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಗ ಗೋವಾದಲ್ಲಿದ್ದರಂತೆ. ಬರೆದುಕೊಂಡ ನೆನಪಿಲ್ಲ.

2011ರ ಎಣಿಕೆಯಂತೆ ರಾಯಚೂರು ನಗರದ ಜನಸಂಖ್ಯೆ 2 ಲಕ್ಷ 30 ಸಾವಿರ ದಾಟಿತ್ತು. ಉಪನಗರಗಳೂ ಸೇರಿ ಮಂಗಳೂರಿನದು 6 ಲಕ್ಷ ದಾಟಿತ್ತು. ಸಾಕ್ಷರತೆ ರಾಜ್ಯದ್ದು ಶೇಕಡಾ 75.36, ದಕ್ಷಿಣ ಕನ್ನಡದ್ದು 88.57, ರಾಯಚೂರಿನದು 59.56. ಈ ಅಂಕಿಗಳನ್ನು ನಾನೇ ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಅಂದು ಆ ಶೆಡ್ಡಿನಲ್ಲಿ ಕುಳಿತಾಗ ಈ ಐದು ಜನ ಯಾವ ಅಂಕಿಯಲ್ಲಿದ್ದಾರೆಂದು ಯೋಚಿಸಿದೆ. ಗಣತಿಯಲ್ಲಿ ‘ಹಿಂದಿನ ವಾಸಸ್ಥಳ’, ‘ವಲಸೆಗೆ ಕಾರಣ’ ಎಂಬ ಪ್ರಶ್ನೆಗಳೂ ಇರುತ್ತವೆ. ನನ್ನ ಮಗಳ ಕಾರಣ ವಿದ್ಯಾಭ್ಯಾಸ. ಅವಳನ್ನು ಹಾಸ್ಟೆಲಿನಲ್ಲಿ ತಪ್ಪದೆ ಬರೆದುಕೊಳ್ಳುತ್ತಾರೆ. ಅವನ ಕಾರಣ ಉದ್ಯೋಗ. ಅವನ ಹೆಂಡತಿ ಗಂಡನಷ್ಟೇ ಹೊತ್ತು ಇಟ್ಟಿಗೆ ಹೊರುತ್ತಾಳೆ, ಆದರೂ ಅವಳ ಕಾರಣ ಬಹುಶಃ ‘ಕುಟುಂಬದೊಂದಿಗೆ ಬಂದದ್ದು’. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕವೆಂದು 2025ರ ಜೂನಿನಲ್ಲಿ ಅಧಿಸೂಚನೆ ಹೊರಟಿತು. ಅದೂ ಗುಳೆಯ ಕಾಲವೇ.

ಹಿರಿಯ ಮಗಳು ಹನ್ನೆರಡು ವರ್ಷದವಳು. ಊರಿನ ಶಾಲೆಯಲ್ಲಿ ಆರನೆಯ ತರಗತಿಯ ಹಾಜರಿಯಲ್ಲಿ ಅವಳ ಹೆಸರಿದೆ. ಅವಳು ಇರುವುದು ಇಲ್ಲಿ, ಸಣ್ಣ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಹಿಂದಿನ ವರ್ಷ ಎರಡು ತಿಂಗಳು ಇಲ್ಲಿಯದೇ ಒಂದು ಸರ್ಕಾರಿ ಶಾಲೆಗೆ ಹೋಗಿದ್ದಳಂತೆ. ಆಮೇಲೆ ಕೆಲಸದ ಜಾಗ ಬದಲಾಗಿ ಶಾಲೆ ದೂರವಾಯಿತು. ತುಳು ಚೆನ್ನಾಗಿ ಕಲಿತಿದ್ದಾಳೆ. ಅಂಗಡಿಗೆ ಹೋಗಿ ಬರುವುದು ಅವಳೇ. ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅಂಜಿಕೆ ತಂದೆಗೆ. ಇದನ್ನು ಓದುತ್ತಿರುವ ತಂದೆತಾಯಂದಿರಲ್ಲಿ ಯಾರಿಗಾದರೂ ಪಕ್ಕದ ಕಟ್ಟಡದಲ್ಲಿ ಇಂತಹ ಮಕ್ಕಳು ಕಂಡರೆ ಹೇಳಿ: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಊರಲ್ಲೇ ಬಿಟ್ಟು ಬಂದ ಮಕ್ಕಳಿಗೆ ಋತುಮಾನದ ಹಾಸ್ಟೆಲುಗಳೂ ಇವೆ. “ಹೆಣ್ಣುಹುಡುಗಿ ಬಿಟ್ಟು ಹ್ಯಾಂಗ ಇರಾದ್ರಿ ಸರ್?” ಎಂದಳು ತಾಯಿ. ನನ್ನ ಮಗಳು ನನ್ನ ಮುಖ ನೋಡಿದಳು. ನಾನೂ ಮಗಳನ್ನು ಐನೂರು ಕಿಲೋಮೀಟರ್ ದೂರ ಬಿಟ್ಟವನೇ. ಅವಳ ಕೋಣೆಗೆ ಬೀಗವಿದೆ, ಕಾವಲುಗಾರನಿದ್ದಾನೆ, ವಾರ್ಡನ್ ಇದ್ದಾರೆ.

ಹುಡುಗಿ ಅಷ್ಟು ಹೊತ್ತೂ ಉಷ್ಣಮಾಪಕಗಳ ಮುಂದೆಯೇ ನಿಂತಿದ್ದಳು. “ಎರಡೂ ಒಂದೇ ಜಾಗದಾಗ ಅದಾವ, ಅಂಕಿ ಯಾಕ ಬ್ಯಾರೆ ಅದಾವ್ರಿ?” ಎಂದು ಕೇಳಿದಳು. ಅವಳ ಕೈ ಹಿಡಿದು ಬಟ್ಟೆ ಸುತ್ತುವುದನ್ನು ಕಲಿಸಿದೆ. ಗೆರೆ ಓದುವುದನ್ನು ಎರಡು ನಿಮಿಷದಲ್ಲಿ ಕಲಿತಳು. ಎರಡನ್ನೂ ಅಲ್ಲಿಯೇ ಬಿಟ್ಟು, ದಿನಾ ಮಧ್ಯಾಹ್ನ ಮೂರಕ್ಕೆ ಓದಿ ಅಪ್ಪನ ಫೋನಿನಿಂದ ಬರೆದು ಕಳಿಸಲು ಹೇಳಿದೆ.

ಕಳಿಸಿದಳು. ಒಂದು ದಿನವೂ ತಪ್ಪಲಿಲ್ಲವೆಂದು ಹೇಳಲಾರೆ, ಆದರೆ ತಪ್ಪಿದ ದಿನಗಳು ಕಡಿಮೆ. ‘ಒಣ 37 ತೇವ 29’. ‘ಒಣ 38 ತೇವ 29’. ಬೇರೆ ಮಾತಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಕರಾವಳಿಯಲ್ಲೂ ಆಗಲೇ ಮಳೆ ಹಿಡಿಯಿತು. ಆ ವಾರ ಬಂದದ್ದು ‘ಒಣ 27 ತೇವ 26’. ಎರಡು ಅಂಕಿಗಳು ಹೀಗೆ ಹತ್ತಿರ ಬಂದದ್ದನ್ನು ನಾನು ರಾಯಚೂರಿನಲ್ಲಿ ನೋಡುವುದು ಅಪರೂಪ. ಮುಂದಿನ ವಾರದಿಂದ ಸಂದೇಶ ನಿಂತಿತು. ಊರಿನ ಶಾಲೆಯ ಮುಖ್ಯೋಪಾಧ್ಯಾಯರು ನನಗೆ ಹಳೆಯ ಸ್ನೇಹಿತರು. ಫೋನು ಮಾಡಿದರೆ, “ಬಂದಾಳ್ರಿ, ಏಳನೇ ತರಗತಿಗೆ ದಿನಾ ಬರ್ತಾಳ. ಏನು ಕೇಳಿದ್ರೂ ‘ಎಂಥ’ ಅಂತಾಳ, ಹುಡುಗರು ನಗ್ತಾವ” ಎಂದರು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ನಾಲ್ಕೂ ತಿಂಗಳು ಅವಳ ಹಾಜರಿ ಚೆನ್ನಾಗಿತ್ತಂತೆ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಶಾಲೆಯಲ್ಲಿ ಹತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಮೂರು ಗಂಟೆ ದಾಟಿ ಐದು ನಿಮಿಷಕ್ಕೆ ಫೋನು ಸದ್ದು ಮಾಡಿತು. ತೆರೆದು ನೋಡಿದೆ. ‘ಒಣ 35 ತೇವ 28’.